ಸುಳ್ಳಲ್ಲದ ಸಾಕ್ಷಿ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳನ್ನು ಬೆಂಕಿಯಲ್ಲಿ ಕಾಯಿಸಿ, ಊದಿ, ಬೇಕಾದ ಆಕಾರಕ್ಕೆ ತರುತ್ತಿದ್ದವನನ್ನು ಎಲ್ಲರೂ ಊದಪ್ಪ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಅವನು ಒಬ್ಬ ಪ್ರೊಫೆಸರಮ್ಮನ ಜೊತೆ ದುಡಿದಿದ್ದ. ಗಾಳಿಯಂತ್ರದ ವಿದ್ಯುತ್ತನ್ನು ಅಗ್ಗದ ಉಪ್ಪಿನ ಬ್ಯಾಟರಿಯಲ್ಲಿ ಕೂಡಿಡಬೇಕೆಂಬುದು ಆಕೆಯ ಹಟ. ಬ್ಯಾಟರಿ ಸಾವಿರ ಸಲ ಚಾರ್ಜಾದರೂ ಒಳಗಿನ ಗಾಜು ಬಿರುಕು ಬಿಡಬಾರದು ಎಂಬುದು ಇವನ ಹಟ. ಇವನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಆಸ್ಪತ್ರೆಗೆ ಓಡಿಬಂದು ರಕ್ತ ಕೊಟ್ಟವರೂ ಆಕೆಯೇ.

ಆ ವರ್ಷ ಕಾವಲು ಸಂಘದವರು ಅಧಿಕಾರಕ್ಕೆ ಬಂದರು. ಗಾಳಿಯಂತ್ರ ಪರದೇಶದವರ ಸಂಚು, ಕಲ್ಲಿದ್ದಲೇ ನಮ್ಮ ನೆಲದ ಬಲ ಎಂದು ಅವರು ಕೂಗುವಾಗ ಪ್ರಯೋಗಾಲಯದವರು ಮೊದಮೊದಲು ನಕ್ಕರು. ಗೋಡೆಯ ಮೇಲೆ ಬೆದರಿಕೆ ಬರೆದು, ಇಬ್ಬರು ವಿದ್ಯಾರ್ಥಿಗಳನ್ನು ಹೊಡೆದ ಮೇಲೆ ನಗು ನಿಂತಿತು. ಪ್ರೊಫೆಸರಮ್ಮನ ಮೇಲೆ ತನಿಖೆ ಶುರುವಾಯಿತು. ಅಂದಿನಿಂದ ಆಕೆಯನ್ನು ಗೇಟಿನೊಳಗೆ ಬಿಡಲಿಲ್ಲ.

ಊದಪ್ಪನ ಭಾವಮೈದುನ ಸಂಘದ ವಾರ್ಡ್ ಮುಖಂಡ. ತನಿಖೆಯವರ ಮುಂದೆ ಊದಪ್ಪ ಸಾಕ್ಷಿ ಹೇಳಬೇಕಿದ್ದ ಹಿಂದಿನ ದಿನ ಅಕ್ಕನ ಮನೆಗೆ ಬಂದು, ಊಟ ಮುಗಿಸಿ, ಮೆತ್ತಗೆ ಹೇಳಿದ:

“ಭಾವ, ನೀವು ಸುಳ್ಳು ಹೇಳ್ಬೇಕಾಗಿಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ ಅಂದ್ರೆ ಸಾಕು.”

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಊದಪ್ಪನಿಗೂ ಅನಿಸಿತು.

ಮರುದಿನ ಮೇಜಿನಾಚೆ ತನಿಖೆಯವರು ಮೂವರು ಕುಳಿತಿದ್ದರು. ಪ್ರೊಫೆಸರಮ್ಮ ಪರದೇಶಕ್ಕೆ ಅಳತೆಗಳನ್ನು ಕಳಿಸುತ್ತಿದ್ದರೇ ಎಂದು ಕೇಳಿದರು. ಅದು ಎರಡೂ ಕಡೆಯವರು ಕೂಡಿ ಮಾಡುತ್ತಿದ್ದ ಕೆಲಸ, ವಿಶ್ವವಿದ್ಯಾಲಯವೇ ಒಪ್ಪಿಗೆ ಕೊಟ್ಟಿತ್ತು, ಅವರ ಅಳತೆಗಳೂ ಇಲ್ಲಿಗೆ ಬರುತ್ತಿದ್ದವು. ಇಷ್ಟನ್ನು ಹೇಳಲು ಮೂರು ಮಾತು ಬೇಕಿತ್ತು. ಊದಪ್ಪ ಒಂದೇ ಮಾತು ಹೇಳಿದ: “ಹೌದು.” ಮತ್ತೇನಾದರೂ ಹೇಳುವುದಿದೆಯೇ ಎಂದು ಅವರೇ ಕೇಳಿದರು. ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

ವಾರದಲ್ಲಿ ಆಕೆಯ ಕೆಲಸ ಹೋಯಿತು. ಆಕೆಯಿಲ್ಲದೆಯೂ ನಡೆಯುತ್ತಿದ್ದ ಬ್ಯಾಟರಿಯ ಪ್ರಯೋಗ ನಿಲ್ಲಿಸಲು ಆದೇಶ ಬಂದಾಗ ಸ್ವಿಚ್ ಆರಿಸಿದವನೂ ಊದಪ್ಪನೇ. ಅವನಿಗೆ ವಿಭಾಗದ ಮೇಲ್ವಿಚಾರಕನ ಹುದ್ದೆ ಸಿಕ್ಕಿತು. ಹೇಳಿದ್ದು ನಿಜ ತಾನೇ ಎಂದು ಹೆಂಡತಿ ಸಮಾಧಾನ ಮಾಡಿದಳು. ಸುಳ್ಳಾಗಿದ್ದರೆ ತಪ್ಪಾಯಿತು ಎಂದಾದರೂ ಅಳಬಹುದಿತ್ತು. ಉಂಡ ಮನೆಗೆ ಎರಡು ಬಗೆಯಲು ನಿಜವೇ ಸಾಕಾಯಿತಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು.

ಎಂಟು ತಿಂಗಳ ಮೇಲೆ ಆಕೆಯ ಮನೆ ಹುಡುಕಿಕೊಂಡು ಹೋದ. ಮುದ್ರಣಾಲಯದ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಕೆ ಯಂತ್ರಗಳ ಕೈಪಿಡಿಗಳನ್ನು ತಿದ್ದಿಕೊಡುತ್ತಿದ್ದರು. ಕೂರು ಎಂದರೂ ಕೂರದೆ, ನಿಂತೇ ಎಲ್ಲವನ್ನೂ ಒಪ್ಪಿಕೊಂಡ.

“ಗೊತ್ತು,” ಎಂದರು ಆಕೆ. “ವರದಿ ಓದಿದೀನಿ. ಗಾಜು ಎಷ್ಟು ಸಲ ತಡೀತು, ಅದನ್ನ ಹೇಳು.”

“ಸಾವಿರದ ನೂರ ನಲವತ್ತು ಸಲ, ಮೇಡಂ. ಒಂದೂ ಬಿರುಕು ಬಿಟ್ಟಿರಲಿಲ್ಲ. ಸ್ವಿಚ್ ನಾನೇ ಆರಿಸಿದೆ.”

ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ತಮ್ಮ ಪ್ರಯೋಗ ಗೆದ್ದಿತ್ತೆಂದು ಆಕೆಗೆ ಆವರೆಗೆ ಯಾರೂ ಹೇಳಿರಲಿಲ್ಲ. ಆಕೆಯ ಜೊತೆ ಯಾರ ಕಣ್ಣಿಗಾದರೂ ಬಿದ್ದೇನೆಂಬ ಅಂಜಿಕೆಯಲ್ಲಿ ಇವನೂ ಹೇಳಿರಲಿಲ್ಲ.

ಕೈ ತೆಗೆದು ಆಕೆ ಹೇಳಿದರು: “ಕ್ಷಮಿಸಿದೆ ಅಂತ ಬಾಯಿಮಾತಿಗೆ ಹೇಳೋಕೆ ನನಗೆ ಬರಲ್ಲ. ನೀನು ಹೋಗಿ ಬಾ.”

ಮರುದಿನ ಅವನು ನುಂಗಿಕೊಂಡಿದ್ದ ಮಾತನ್ನೆಲ್ಲ ಬರೆದು, ಪ್ರಯೋಗದ ಫಲಿತಾಂಶವನ್ನೂ ಸೇರಿಸಿ, ಸಹಿ ಹಾಕಿ ತನಿಖೆಯವರಿಗೆ ಕೊಟ್ಟ. ಒಂದು ಪ್ರತಿಯನ್ನು ಆಕೆಯ ವಕೀಲರಿಗೆ ತಲುಪಿಸಿದ. ಮೇಲ್ವಿಚಾರಕನ ಹುದ್ದೆ ಹೋಯಿತು, ಪ್ರಯೋಗಾಲಯದ ಗಾಜಿನ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಭಾವಮೈದುನ ಮನೆಗೆ ಬರುವುದನ್ನು ಬಿಟ್ಟ. ಹೆಂಡತಿ ಹದಿನೈದು ದಿನ ಮಾತು ಬಿಟ್ಟಿದ್ದಳು. ಕೆಲಸದಿಂದ ತೆಗೆದದ್ದರ ವಿರುದ್ಧ ಪ್ರೊಫೆಸರಮ್ಮ ಹಾಕಿದ ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ.

ಒಂದು ದಿನ ಜವಾನ ಅವನ ಬೆನ್ನು ತಟ್ಟಿ, ಭಾರಿ ಧೈರ್ಯ ಮಾಡಿದೆ ಮಾರಾಯ ಎಂದ. ಊದಪ್ಪ ನಲ್ಲಿ ನಿಲ್ಲಿಸಿದ.

“ಎಂಟು ತಿಂಗಳು ತಡವಾಗಿ ಬಾಯಿ ಬಿಟ್ಟಿದ್ದಕ್ಕೆ ಆ ಹೆಸರು ಇಡಬೇಡ,” ಎಂದು ಹೇಳಿ, ತೊಳೆಯದೆ ಉಳಿದಿದ್ದ ಗಾಜನ್ನು ಎತ್ತಿಕೊಂಡ.