ಒಂದು ಗೇಣು ಸಂದಿ

ಚಕ್ರ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಊರೆಲ್ಲ ಗೇಟಕ್ಕ ಎಂದು ಕರೆಯುವ ಆ ಹೆಂಗಸು ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು, ಕದಲಲಿಲ್ಲ. ತೂಬಿನ ಬಾಗಿಲ ಕೆಳಗೆ ಇನ್ನೂ ಒಂದು ಗೇಣು ಸಂದಿ. ಅದರಲ್ಲಿ ಸಮುದ್ರದ ನೀರು ನೊರೆಗಟ್ಟಿ ಸಿಹಿನೀರಿನ ಕೆರೆಗೆ ನುಗ್ಗುತ್ತಿತ್ತು. ಉಬ್ಬರ ಇನ್ನೂ ಎರಡು ಗಂಟೆ ಏರುವುದಿತ್ತು.

"ದೇವರೇ ಬೇಡ ಅಂತಿದ್ದಾನೆ. ಬಿಟ್ಬಿಡಕ್ಕ," ಎಂದ ತಮ್ಮ. ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತು ಅದನ್ನೇ ಬೇಡುತ್ತಿದ್ದ. ಕೆರೆಯಂಚಿನ ಮೂರು ಸಿಗಡಿ ಹೊಂಡಗಳು ಅವನವು. ಮಳೆಗೆ ಹೊಂಡದ ಉಪ್ಪು ತೆಳುವಾಗಿ ಸಿಗಡಿಗಳು ಸಾಯತೊಡಗಿದ್ದವು. ಒಂದು ಉಬ್ಬರದ ನೀರು ಒಳಗೆ ಬಂದರೆ ಉಳಿದವಾದರೂ ಬದುಕುತ್ತಿದ್ದವು.

"ಹೋದ್ವರ್ಷ ನಿನ್ನ ಮುಖ ನೋಡಿ ಬಾಗಿಲು ತೆರೆದೇ ಬಿಟ್ಟಿದ್ದೆ. ಉಪ್ಪಿಗೆ ಜೊಂಡೆಲ್ಲ ಸುಟ್ಟುಹೋಯ್ತು."

"ಮತ್ತೆ ಚಿಗುರ್ತಲ್ಲ!"

"ನೀರುಕೋಳಿಗಳು ಗೂಡು ಬಿಟ್ಟು ಎದ್ದುಹೋದ್ವು ಕಣೋ. ತಣ್ಣಗಾದ ಮೊಟ್ಟೇನ ಬುಟ್ಟೀಲಿ ತುಂಬ್ಕೊಂಡು ಹೋಗಿ ಹಿತ್ತಲಲ್ಲಿ ಹೂತೆ. ಬಾಗಿಲು ಕೆಟ್ಟಿತ್ತು ಅಂತ ಇಲಾಖೆ ಸಾಹೇಬ್ರಿಗೆ ಸುಳ್ಳು ಹೇಳ್ದೆ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಮೊಟ್ಟೆಗಿಂತ ಒಡಹುಟ್ಟಿದವನು ಕಡೆಯಾದ್ನಾ?" ಎಂದ ತಮ್ಮ.

ಗೇಟಕ್ಕ ಚಪ್ಪಲಿ ಬಿಟ್ಟು, ಬಾಗಿಲಿಗೆ ಅಡ್ಡ ಸಿಕ್ಕಿದ್ದೇನೆಂದು ನೋಡಲು ಕೆರೆಯ ಬದಿಯ ಕಬ್ಬಿಣದ ಮೆಟ್ಟಿಲುಗಳನ್ನು ಹಿಡಿದು ಇಳಿಯತೊಡಗಿದಳು. ಎರಡನೆಯದರಲ್ಲೇ ಕಾಲು ಜಾರಿತು. ಮೊಣಕೈ ಗೋಡೆಗೆ ತರಚಿತು.

"ತಲೆ ಕೆಟ್ಟಿದೆಯಾ? ಈಜೋಕೂ ಬರಲ್ಲ ನಿಂಗೆ. ಹತ್ತು ಮೇಲೆ!"

"ಹಾಗಾದ್ರೆ ನೀನಿಳಿ."

ಅವನು ಹೊಂಡಗಳ ಕಡೆ ನೋಡಿದ. ಬೈಯುತ್ತಲೇ ಅಂಗಿ ಕಳಚಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮೂರನೆಯ ಸಲ ಬಾಗಿಲಡಿ ಸಿಕ್ಕಿದ್ದ ತೋಳುದ್ದದ ಮರದ ತುಂಡನ್ನು ತಬ್ಬಿಕೊಂಡು ಮೇಲೆ ಬಂದು, "ತಿರುಗಿಸು!" ಎಂದು ಕೂಗಿದ.

ಗೇಟಕ್ಕ ಮೇಲೇರಿ ಚಕ್ರ ತಿರುಗಿಸಿದಳು; ಬಾಗಿಲು ತಳ ಮುಟ್ಟಿತು. ನೀರಿನ ಸದ್ದು ನಿಂತಿತು.

"ನನ್ನ ಕತೆ ಮುಗೀತು," ಎಂದ ತಮ್ಮ, ಕೆಳಗಿನ ಮೆಟ್ಟಿಲ ಮೇಲೆ ಕುಸಿದು.

"ಬದುಕಿರೋದನ್ನಾದ್ರೂ ಹಿಡಿಯೋಣ. ನಾನೂ ಬಲೆ ಹಿಡೀತೀನಿ. ಸಾಹೇಬ್ರಿಗೆ ಹೋದ್ವರ್ಷದ್ದೂ ಹೇಳ್ಬಿಡ್ತೀನಿ."

"ಕೆಲಸ ಹೋಗುತ್ತಕ್ಕ."

"ಹೋದ್ರೆ ಹೋಗ್ಲಿ."

ತಮ್ಮ ಕೆರೆಯತ್ತ ತಿರುಗಿದ. ಜೊಂಡಿನಿಂದ ಹೊರಬಿದ್ದ ತಾಯಿ ನೀರುಕೋಳಿಯ ಹಿಂದೆ ನಾಲ್ಕು ಕಪ್ಪು ಮರಿಗಳು ಅವನತ್ತಲೇ ಈಜಿ ಬರುತ್ತಿದ್ದವು. ಅವು ದಾಟಿಹೋಗುವವರೆಗೂ ತಮ್ಮ ನೀರಿನಲ್ಲಿದ್ದ ಕಾಲನ್ನು ಅಲ್ಲಾಡಿಸಲಿಲ್ಲ.