ಬೆಳ್ಳೆದೆಯ ಕಾಗೆ

ಆ ಕಾಗೆಯ ಎದೆ ಬೆಳ್ಳಗಿತ್ತು. ಶಾಲು ಹೊದ್ದ ಪುರೋಹಿತರಂತೆ ಹುಲ್ಲುಗಾವಲಿನ ಮುಳ್ಳುಮರದ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿತ್ತು.

"ಇದು ಕಾಗೆ ಹೌದೇನ್ರೀ?" ಎಂದಳು ನನ್ನ ಹೆಂಡತಿ ಅಂಬುಜಾಕ್ಷಿ.

"ಕೂಗು ಕೇಳಿದರೆ ತಿಳಿಯೋದಿಲ್ವಾ?"

"ಕೂಗು ನೋಡಿದ್ರೆ ನಿಮ್ಮ ಸೋದರತ್ತೇನೂ ಕಾಗೇನೇ."

ಮಗ ಹೋದ ಮೇಲೆ ಅವಳು ಆಡಿದ ಮೊದಲ ಹಾಸ್ಯ ಅದು.

ನಮ್ಮ ಒಬ್ಬನೇ ಮಗ ಪ್ರದ್ಯುಮ್ನ, ಬಣ್ಣದ ಕಾಡುಹಕ್ಕಿಗಳ ಚಿತ್ರ ತೆಗೆಯಲು ರಜೆ ಹಾಕಿ ಆಫ್ರಿಕದ ಆ ಹುಲ್ಲುಗಾವಲಿಗೆ ಹೋಗಿದ್ದವನು, ಜ್ವರ ಬಂದು ಅಲ್ಲಿಯೇ ತೀರಿಕೊಂಡ. ಊರಿಗೆ ಬಂದದ್ದು ಅವನ ಬೂದಿ ಮತ್ತು ಕ್ಯಾಮೆರಾ. ಕಾಗೆ ಪಿಂಡ ಮುಟ್ಟದಿದ್ದರೆ ಸತ್ತವರಿಗೆ ಶಾಂತಿಯಿಲ್ಲ ಎಂಬುದು ಹಿರಿಯರ ನಂಬಿಕೆ, ನಮ್ಮದೂ ಹೌದು. ಊರಿನಲ್ಲಿ ಇಟ್ಟ ಪಿಂಡದ ಹತ್ತಿರ ಕಾಗೆ ಬಂದು, ಕತ್ತು ಓರೆ ಮಾಡಿ ನೋಡಿ, ಹಾರಿಹೋಯಿತು.

"ಅವನು ಇಲ್ಲಿಲ್ಲಾರೀ. ಅಲ್ಲೇ ಇದಾನೆ" ಎಂದು ಅಂಬುಜಾಕ್ಷಿ ಹಟ ಹಿಡಿದಳು.

ವರ್ಷದ ತಿಥಿಗೆ ಅಲ್ಲಿಗೇ ಹೋದೆವು. ಮಗನನ್ನು ಸುತ್ತಾಡಿಸಿದ್ದ ಕಿಪ್ರೊನೊ ಎಂಬ ಚಾಲಕನೇ ನಮ್ಮನ್ನೂ ಜೀಪಿನಲ್ಲಿ ಕರೆದೊಯ್ದ. ಮಗನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಾನೂ ಹಕ್ಕಿಗಳ ಚಿತ್ರ ತೆಗೆದೆ. ನೇರಳೆ ಎದೆಯದು, ಕಿತ್ತಳೆ ಹೊಟ್ಟೆಯ ನೀಲಿಯದು. ಗುಂಡಿ ಒತ್ತುವಷ್ಟರಲ್ಲಿ ಹಕ್ಕಿ ಹಾರಿ, ಹೆಚ್ಚಿನವು ಬರಿಯ ಕೊಂಬೆಗಳಾಗಿ ಬಂದವು.

ತಿಥಿಯ ದಿನ ಊರಿನಿಂದ ಒಯ್ದ ಮುತ್ತುಗದ ಎಲೆಯ ಮೇಲೆ ಪಿಂಡವಿಟ್ಟು, ಎಳ್ಳುನೀರು ಬಿಟ್ಟು, ಕಾಗೆ ಬೆದರದಿರಲೆಂದು ನಾವು ಇಳಿದಿದ್ದ ಬಿಡಾರದ ಗೋಡೆಯ ಮರೆಗೆ ಸರಿದೆವು. ಅಂಬುಜಾಕ್ಷಿ ಕಣ್ಣು ಮುಚ್ಚಿ, "ಬಾ ಮಗನೇ, ಬಾ" ಎನ್ನುತ್ತಿದ್ದಳು. ರೆಕ್ಕೆಯ ಸದ್ದಾಯಿತು. ಇಣುಕಿದೆ. ಬೆಳ್ಳೆದೆಯ ಕಾಗೆ ಎಲೆಯಿಂದ ಗೇಣು ದೂರದಲ್ಲಿತ್ತು.

ಒಂದು ಕಲ್ಲು ಬಂದು ಅದರ ಕಾಲ ಬಳಿ ಬಿತ್ತು. ಇನ್ನೊಂದು ರೆಕ್ಕೆಗೆ ತಾಗಿತು. ಕಾಗೆ ಅರಚುತ್ತ ಬಯಲಿನಾಚೆಗೆ ಹಾರಿತು.

ಜೀಪಿನ ಕಡೆಯಿಂದ ಕಿಪ್ರೊನೊ ನಗುತ್ತ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ಕ್ಯಾಮೆರಾ ತನ್ನಿ ಬಾಬಾ. ಕಳ್ಳ ಹೋದ. ಇನ್ನು ಚೆಂದದವು ಬರ್ತವೆ."

"ಯಾಕಪ್ಪಾ ಹೊಡೆದೆ?"

"ನಿಮ್ಮ ಮಗ ಹೇಳಿಕೊಟ್ಟದ್ದಲ್ವಾ? ಹೀಗೇ ಅನ್ನ ಇಡೋರು. 'ಕಾಗೆ ಬಂದ್ರೆ ಬಿಡಬೇಡ, ಓಡಿಸು' ಅನ್ನೋರು. ನಾನು ಮರೆತಿಲ್ಲ."

ಅಂಬುಜಾಕ್ಷಿಗೆ ಇಂಗ್ಲಿಷ್ ಬಾರದು. "ಏನಂತೆ?" ಎಂದಳು. ಹೇಳಿದೆ.

"ಅವನೇ ಹೇಳಿದ್ನಂತಾ?"

"ಹೂಂ."

ನೀಲಿ ಹಕ್ಕಿಗಳು ಗುಂಪಾಗಿ ಇಳಿದವು. ಕಿಪ್ರೊನೊ ಆತುರದಿಂದ ಕೈಸನ್ನೆ ಮಾಡಿದ. ನಾನು ಕ್ಯಾಮೆರಾ ಮುಟ್ಟಲಿಲ್ಲ. ಅದು ಮಗನ ಪಿಂಡವೆಂದು ಅವನಿಗೆ ಹೇಳಲೂ ಇಲ್ಲ. ಹಕ್ಕಿಗಳು ಒಂದಗುಳು ಬಿಡದೆ ತಿಂದು ಹೋದವು.

ಸಂಜೆಯವರೆಗೂ ಕಾಗೆ ಬರಲಿಲ್ಲ. ಕಾಗೆ ಬಾರದಿದ್ದರೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಬಹುದೆಂದು ಹಿರಿಯರು ಹೇಳುತ್ತಿದ್ದರು. ಅಂಬುಜಾಕ್ಷಿ ಬಯಲಿನ ಒಣಹುಲ್ಲು ಕಿತ್ತು, ಗಂಟು ಹಾಕಿ ತಲೆ ಮಾಡಿದಳು, ಎರಡೆಳೆ ಹೊಸೆದು ಕೊಕ್ಕು ಮಾಡಿದಳು. ನೆಲದ ಮೇಲೆ ಕುಳಿತು ಆ ಕೊಕ್ಕನ್ನು ಬರಿಯ ಎಲೆಗೆ ಮುಟ್ಟಿಸಿದಳು. ಒಮ್ಮೆ, ಮತ್ತೊಮ್ಮೆ, ಅದು ಮುರಿಯುವವರೆಗೂ.