ಹಿತ್ತಾಳೆಗೆ ಹುಣಸೆಹಣ್ಣು

ವೆಂಕಟಮ್ಮ ಹಿತ್ತಲಲ್ಲಿ ಕೂತು ಗಂಡ ನರಸಪ್ಪನ ಟ್ರಂಪೆಟ್ಟಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಮುಂದಿನ ಅಂಗಳದಲ್ಲಿ ಅವನ ಹೆಣಕ್ಕೆ ನೀರು ಹುಯ್ಯುತ್ತಿದ್ದರು. ಹಿಂದಿನ ದಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಊದೋನೇ ಒಂಟೋದ್ಮೇಲೆ ಅದನ್ಯಾಕೆ ತಿಕ್ತಾ ಕೂತಿದ್ದೀಯೇ?" ನರಸಪ್ಪನ ಅಕ್ಕ ರಾಮಕ್ಕ ರೇಗಿದಳು.

"ಬ್ಯಾಂಡಿನ ಮುನಿಯಣ್ಣ ಊದ್ತಾನೆ ಅತ್ಗೆ."

"ಬ್ಯಾಂಡೋರೆಲ್ಲಾ ಮದ್ವೇಗೋಗವ್ರೆ. ಮೊದ್ಲೇ ಒಪ್ಕೊಂಡಿದ್ದು, ಬಿಡಕ್ಕಾಯ್ತದಾ? ಅವರು ಬರೋಗಂಟ ಹೆಣ ಇಟ್ಕೊಳಕ್ಕಾಗಲ್ಲ. ತಮಟೆಯೋರು ಬಂದವ್ರೆ, ಸಾಕು."

"ನಿಮ್ ತಮ್ಮ ಸುತ್ತಮುತ್ಲ ಊರೋರ್ನೆಲ್ಲಾ ಇದ್ರಲ್ಲೇ ಕಳಿಸ್ಕೊಟ್ರು. ಅವ್ರಿಗೆ ಬರೀ ತಮಟೇನಾ?"

ರಾಮಕ್ಕ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದಳು.

*

ಪೀಣ್ಯದ ಹೊಲಗಳಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದ ಕಾಲ. ದಿನಾ ಲೇತು, ರಜೆ ಸಿಕ್ಕರೆ ಬ್ಯಾಂಡು, ನರಸಪ್ಪನ ಬದುಕು ಇಷ್ಟೇ. ಬ್ಯಾಂಡಿನಲ್ಲಿ ಊದುವವರು ಅವನು, ಮುನಿಯಣ್ಣ ಇಬ್ಬರೇ, ಉಳಿದವರು ಡ್ರಮ್ಮಿನವರು. ಎರಡು ವಾದ್ಯ ಬರುತ್ತಿದ್ದದ್ದು ನರಸಪ್ಪನಿಗೆ. ಮದುವೆಗೆ ಕ್ಲಾರಿನೆಟ್, ಸಾವಿಗೆ ಟ್ರಂಪೆಟ್. ಜಪ್ಪಯ್ಯ ಅಂದರೂ ಅದಲುಬದಲು ಮಾಡುತ್ತಿರಲಿಲ್ಲ. ಸಾವಿನಲ್ಲಿ ಕ್ಲಾರಿನೆಟ್ ಊದಲು ಬೇರೆಯವರಿಗೂ ಬಿಡುತ್ತಿರಲಿಲ್ಲ.

"ಕ್ಲಾರಿನೆಟ್ಟು ಮರದ್ದು ಕಣೇ. ಸಾವಿನ ಮನೆ ಉಸಿರು ಒಳಗಿಳಿದ್ರೆ ಆಚೆ ಬರಲ್ಲ. ಇತ್ತಾಳೆ ಆದ್ರೆ ಉಣಸೆಹಣ್ಣಾಕಿ ತಿಕ್ಕಿದ್ರೆ ಆಯ್ತು," ಎನ್ನುವನು.

ತಿಕ್ಕುವ ಭಾಗ್ಯ ಮಾತ್ರ ವೆಂಕಟಮ್ಮನದು. ಮಹರಾಯ ಸ್ನಾನ ಮುಗಿಸಿ ಕಾಫಿ ಹೀರುತ್ತ ಕೂತರೆ ಇವಳು ಗೊಣಗುತ್ತ ತಿಕ್ಕುವಳು. ಅವನು ಒಂದನ್ನಿಟ್ಟು ಇನ್ನೊಂದನ್ನೆತ್ತುವ ಸಲೀಸು ನೋಡಿ, ಊದುವವರಿಗೆ ಎಲ್ಲ ವಾದ್ಯವೂ ಬರುತ್ತದೆಂದೇ ಅವಳು ತಿಳಿದಿದ್ದಳು.

*

ಚಟ್ಟ ದೊಡ್ಡ ರಸ್ತೆಗೆ ಬಂದಾಗ ಎದುರಿನಿಂದ ಮದುವೆ ಮೆರವಣಿಗೆ ಬಂತು. ಗಂಡನದೇ ಬ್ಯಾಂಡು, ಮುಂದೆ ಕೆಂಪು ಕೋಟಿನ ಮುನಿಯಣ್ಣ. ಚಟ್ಟದ ಹಿಂದೆ ಬರುತ್ತಿದ್ದ ವೆಂಕಟಮ್ಮನಿಗೆ ಹೋದ ಜೀವ ಬಂದಂತಾಯಿತು. ಹೆಣ ಕಂಡದ್ದೇ ಗಂಡಿನ ಸೋದರಮಾವ ಕೈಯೆತ್ತಿ ಬ್ಯಾಂಡು ನಿಲ್ಲಿಸಿದ. ತಮಟೆಯೂ ನಿಂತಿತು.

ಅವಳು ಸೆರಗಿನೊಳಗಿಂದ ಟ್ರಂಪೆಟ್ ತೆಗೆದುಕೊಂಡು ಓಡಿದಳು.

"ಮುನಿಯಣ್ಣ, ಒಂದ್ಕಿತ ಊದಪ್ಪಾ. ನಿಮ್ಮಣ್ಣ ಸುಮ್ಕೆ ಓಯ್ತಾವ್ರೆ."

"ಅತ್ಗೆ, ನಂಗೆ ಕ್ಲಾರಿನೆಟ್ಟೊಂದೇ ಬರೋದು."

"ಊದೋದು ಊದೋದೇ ಅಲ್ವೇನಪ್ಪಾ?"

"ಅದ್ಕೆ ತುಟಿ ಇಡೋದೇ ಬ್ಯಾರೆ ಅತ್ಗೆ. ಎರಡೂ ಬತ್ತಾ ಇದ್ದಿದ್ದು ಅಣ್ಣಂಗೇ."

ಅವಳು ಅವನ ಕೈಯಲ್ಲಿದ್ದ ಕ್ಲಾರಿನೆಟ್ ನೋಡಿದಳು. "ಅಂಗಾದ್ರೆ ಇದ್ರಲ್ಲೇ ಊದು."

"ಅಣ್ಣ ಬ್ಯಾಡ ಅಂದಿದ್ನ ಅಣ್ಣನ ಮುಂದೇನೇ ಎಂಗ್ ಮಾಡ್ಲಿ?"

ಅವಳು ಟ್ರಂಪೆಟ್ ಹಿಡಿದ ಕೈಯನ್ನು ಹಿಂದೆ ತೆಗೆಯಲಿಲ್ಲ.

"ನಡೀರಪ್ಪಾ, ಒತ್ತಾಯ್ತು," ಸೋದರಮಾವ ಅವಸರಪಡಿಸಿದ. ಚಟ್ಟ ಹೊತ್ತವರೂ ನಿಲ್ಲುವಂತಿರಲಿಲ್ಲ.

ಮುನಿಯಣ್ಣ ಕ್ಲಾರಿನೆಟ್ಟನ್ನು ಡ್ರಮ್ಮಿನವನ ಕೈಗೆ ಕೊಟ್ಟು ಟ್ರಂಪೆಟ್ ತೆಗೆದುಕೊಂಡ. ಬಾಯಿಗಿಟ್ಟು ಊದಿದ. ಬರೀ ಗಾಳಿ ಹೋಯಿತು. ಕೆನ್ನೆ ಉಬ್ಬಿ, ಕತ್ತಿನ ನರ ಎದ್ದು, ಕಣ್ಣಲ್ಲಿ ನೀರು ಬಂದರೂ ಒಂದು ಸ್ವರ ಹೊರಡಲಿಲ್ಲ. ಚಟ್ಟ ರಸ್ತೆ ದಾಟಿ ಶೆಡ್ಡುಗಳ ಹಿಂದೆ ಮರೆಯಾಯಿತು. ಮುನಿಯಣ್ಣ ಊದುತ್ತಲೇ ಇದ್ದ.